ಉಂಡ ಮನೆಯ ಜಂತಿ ಎಣಿಸಿದವರು

ಹೋದ ಬೇಸಿಗೆ ರಜೆಯಲ್ಲಿ ಮುಗಳಖೋಡದ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ಹುಡುಗರು ಒಂದು ಮೊಬೈಲಿನ ಸುತ್ತ ತಲೆ ಕೂಡಿಸಿ ಕೂತಿದ್ದರು. ಹೊರಗೆ ಬಿಸಿಲು ಕಾಯುತ್ತಿತ್ತು, ಒಳಗೆ ನಕ್ಷತ್ರಗಳ ನಡುವೆ ಯುದ್ಧ ನಡೆದಿತ್ತು. ಅವರು ನೋಡುತ್ತಿದ್ದದ್ದು 'ಸ್ಟಾರ್ ವಾರ್ಸ್ ರೆಬೆಲ್ಸ್' ಎಂಬ ಕಾರ್ಟೂನ್ ಸರಣಿ. ಒಂದು ಕಡೆ ದೊಡ್ಡ ಸಾಮ್ರಾಜ್ಯ, ಇನ್ನೊಂದು ಕಡೆ ಸಣ್ಣದೊಂದು ಆಕಾಶನೌಕೆಯಲ್ಲಿ ಓಡಾಡುವ ಐದಾರು ಜನ ಬಂಡುಕೋರರು. ಈ ಬಂಡುಕೋರರಿಗೆ ಯಾರೋ ಒಬ್ಬರು ಗುಟ್ಟಾಗಿ ಸುದ್ದಿ ಮುಟ್ಟಿಸುತ್ತಾರೆ. ಆ ಸುದ್ದಿಗಾರರ ಗುಪ್ತನಾಮ ಫಲ್ಕ್ರಮ್. ಆ ಹೆಸರಿನ ಹಿಂದೆ ಇರುವವರು ಯಾರು ಎಂಬುದರ ಮೇಲೆ ನಾಲ್ವರಲ್ಲೂ ಜಗಳ ಹತ್ತಿತ್ತು. ಒಬ್ಬ ಕ್ಯಾಪ್ಟನ್ ಎಂದ, ಇನ್ನೊಬ್ಬ ರೋಬೋ ಎಂದ, ಮೂರನೆಯವನು ಯಾರನ್ನೂ ನಂಬದೆ ಎಲ್ಲರ ಹೆಸರನ್ನೂ ಹೇಳಿಬಿಟ್ಟ.

ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ನಮ್ಮ ಕಾಕಾ ಇದನ್ನೆಲ್ಲ ಕೇಳಿಸಿಕೊಂಡು, ‘ಹಂಗಾರ ಅದರಾಗ ಮಲ್ಲಪ್ಪಶೆಟ್ಟಿ ಯಾವಂವಾ?’ ಎಂದು ಕೇಳಿದರು.

ಹುಡುಗರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಮಲ್ಲಪ್ಪಶೆಟ್ಟಿ ಎಂಬುದು ಒಬ್ಬ ಮನುಷ್ಯನ ಹೆಸರಾಗಿ ಉಳಿದಿಲ್ಲ. ಉಂಡ ಮನೆಯ ಜಂತಿ ಎಣಿಸುವವರಿಗೆಲ್ಲ ಇಡುವ ಹೆಸರು ಅದು. ಪಂಚಾಯತಿ ಚುನಾವಣೆಯಲ್ಲಿ ಪಕ್ಷ ಬದಲಿಸಿದವನೂ ಮಲ್ಲಪ್ಪಶೆಟ್ಟಿ, ಕಬ್ಬಿನ ದರಕ್ಕಾಗಿ ಕೂತವರ ನಡುವಿನಿಂದ ಎದ್ದು ಹೋಗಿ ಕಾರ್ಖಾನೆಯವರ ಚಹಾ ಕುಡಿದು ಬಂದವನೂ ಮಲ್ಲಪ್ಪಶೆಟ್ಟಿ. ಕಿತ್ತೂರಿನ ಕಥೆಯಲ್ಲಿ ಅವನಿಗೆ ಜೋಡಿಯಾಗಿ ವೆಂಕಟರಾವ್ ಎಂಬ ಇನ್ನೊಬ್ಬನಿದ್ದಾನೆ. ಇಬ್ಬರೂ ಕಂಪನಿ ಸರ್ಕಾರದ ಆಸೆಗೆ ಬಿದ್ದರು, ಕೋಟೆಯ ತೋಪುಗಳ ಮದ್ದಿಗೆ ಸಗಣಿ, ಮಣ್ಣು ಕಲೆಸಿದರು, ಹೊತ್ತಿಗೆ ಸರಿಯಾಗಿ ತೋಪು ಹಾರಲಿಲ್ಲ, ಕಿತ್ತೂರು ಬಿತ್ತು. ನಾಟಕದಲ್ಲಿ ಈ ದೃಶ್ಯ ಬಂದಾಗ ಹಿಂದಿನ ಸಾಲಿನಿಂದ ಬೈಗುಳ ಕೇಳದಿದ್ದರೆ ಆ ಪಾತ್ರಧಾರಿ ಸರಿಯಾಗಿ ಮಾಡಲಿಲ್ಲವೆಂದೇ ಲೆಕ್ಕ. ನಾನು ಸಣ್ಣವನಿದ್ದಾಗ ಆ ಪಾತ್ರಕ್ಕೆ ಯಾರೂ ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಕಡೆಗೆ ಪರಊರಿನಿಂದ ಬಂದ ಮಾಸ್ತರರೊಬ್ಬರ ಕೊರಳಿಗೆ ಬೀಳುತ್ತಿತ್ತು. ಊರವರಾದರೆ ಮರುದಿನ ಅಂಗಡಿ ಕಟ್ಟೆಯ ಮುಂದೆ ಹಾಯುವುದು ಕಷ್ಟ.

ಹುಡುಗರ ಆಟವೂ ನಮ್ಮ ಕಾಕಾನ ಆಟವೂ ಒಂದೇ. ಕಥೆಯೊಳಗೆ ಕಳ್ಳನೊಬ್ಬನಿದ್ದಾನೆ, ಯಾರೆಂದು ಹೇಳು. ಆದರೆ ಆಕಾಶನೌಕೆಯ ಕಥೆಯಲ್ಲಿ ಕಳ್ಳನನ್ನು ಬರೆದವರೇ ಇಟ್ಟಿರುತ್ತಾರೆ, ಸೀಸನ್ ಮುಗಿಯುವ ಹೊತ್ತಿಗೆ ಅವನು ಸಿಕ್ಕೇ ಸಿಗುತ್ತಾನೆ. ಕಿತ್ತೂರಿನಲ್ಲಿ ಹಾಗಲ್ಲ. ಎರಡು ನೂರು ವರ್ಷಗಳಿಂದ ನಾವು ಬೆರಳು ತೋರಿಸುತ್ತಿರುವುದು ಬದುಕಿದ್ದ ಮನುಷ್ಯರ ಕಡೆಗೆ. ಅವರ ಊರುಗಳು ಇನ್ನೂ ಇವೆ, ಮನೆತನಗಳೂ ಇವೆ.

ಬೇಹುಗಾರಿಕೆಯ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಧೋರಣೆಗಳಿವೆ. ಒಂದು ಅರಮನೆಯದು, ಇನ್ನೊಂದು ಬಯಲಿನದು. ಅರಮನೆಯ ಸಾಹಿತ್ಯದಲ್ಲಿ ಬೇಹುಗಾರ ನಾಯಕನ ಬಲಗೈ. ಕಿತ್ತೂರಿನ ಮೊದಲ ಯುದ್ಧಕ್ಕೆ ಒಂದು ವರ್ಷ ಮೊದಲು, 1823ರಲ್ಲಿ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕೆಂಪುನಾರಾಯಣ 'ಮುದ್ರಾಮಂಜೂಷ' ಬರೆದ. ಚಾಣಕ್ಯ, ರಾಕ್ಷಸರ ನಡುವಿನ ಆ ಗದ್ಯಕಥೆಯಲ್ಲಿ ಯಾರು ಯಾರ ಕಡೆಯವನು ಎಂದು ತಿಳಿಯುವುದೇ ಒಂದು ಕೆಲಸ. ಗೆಳೆಯನೆಂದು ಜೊತೆಗಿದ್ದವನು ಬೇಹುಗಾರ, ಬೇಹುಗಾರನೆಂದು ಹಿಡಿದವನು ಅಮಾಯಕ, ಒಂದು ಮುದ್ರೆಯುಂಗುರ ಇಡೀ ರಾಜ್ಯವನ್ನು ಅಡಿಮೇಲು ಮಾಡುತ್ತದೆ. ಇದನ್ನು ಓದುವವರು ಚಾಣಕ್ಯನನ್ನು ದ್ರೋಹಿ ಎನ್ನುವುದಿಲ್ಲ, ಅವನ ಬುದ್ಧಿಗೆ ತಲೆದೂಗುತ್ತಾರೆ.

ಆ ಚಾಣಕ್ಯನ ಹೆಸರಿನ 'ಅರ್ಥಶಾಸ್ತ್ರ' ಮತ್ತೆ ಬೆಳಕಿಗೆ ಬಂದದ್ದೂ ಮೈಸೂರಿನಲ್ಲೇ. ಅಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಾಶಾಸ್ತ್ರಿಗಳ ಕೈಗೆ 1905ರಲ್ಲಿ ಅದರ ತಾಳೆಗರಿ ಬಂತು, 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಅದರ ಮೊದಲ ಅಧಿಕರಣದಲ್ಲಿ ಬೇಹುಗಾರರ ದೊಡ್ಡ ಪಟ್ಟಿಯಿದೆ. ವಿದ್ಯಾರ್ಥಿಯ ವೇಷದವನು, ಸನ್ಯಾಸ ಬಿಟ್ಟವನು, ಬೇಸಾಯ ಕೆಟ್ಟ ಒಕ್ಕಲಿಗ, ವ್ಯಾಪಾರ ಕೆಟ್ಟ ಶೆಟ್ಟಿ, ಜಡೆಧಾರಿ ತಪಸ್ವಿ, ಭಿಕ್ಷೆಗೆ ಬಂದ ಹೆಂಗಸು. ಇವರ ಜೊತೆ 'ಉಭಯವೇತನ' ಎಂಬ ಮಾತೂ ಬರುತ್ತದೆ. ಎಂದರೆ ಎರಡೂ ಕಡೆ ಸಂಬಳ ಎಣಿಸುವವನು. ಇಂಥವನನ್ನು ಶತ್ರುವಿನ ಮನೆಗೆ ಕಳಿಸುವ ಮೊದಲು ಅವನ ಹೆಂಡತಿ ಮಕ್ಕಳನ್ನು ತನ್ನ ವಶದಲ್ಲಿ ಇಟ್ಟುಕೊಳ್ಳಬೇಕೆಂದು ಶಾಸ್ತ್ರಕಾರ ತಣ್ಣಗೆ ಹೇಳುತ್ತಾನೆ. ಓದಿದಾಗ ಮೈ ಜುಮ್ಮೆನ್ನುತ್ತದೆ. ಅಲ್ಲೇ ಹತ್ತಿರದಲ್ಲಿ ಇನ್ನೊಂದು ಮಾತಿದೆ. ಬೇಹುಗಾರರಿಗೆ ಒಬ್ಬರ ಗುರುತು ಒಬ್ಬರಿಗೆ ಇರಕೂಡದು, ಮತ್ತು ಮೂವರು ತಂದ ಸುದ್ದಿ ಒಂದೇ ಆದಾಗ ಮಾತ್ರ ಅದನ್ನು ನಂಬಬೇಕು. ಈ ಮೂವರ ಲೆಕ್ಕ ನಮಗೆ ಮುಂದೆ ಬೇಕಾಗುತ್ತದೆ.

ಬಯಲಿನ ಧೋರಣೆ ಬೇರೆ. ಬಯಲಾಟ, ಸಣ್ಣಾಟ, ಲಾವಣಿಗಳಲ್ಲಿ ಸುದ್ದಿ ಮುಟ್ಟಿಸುವವನಿಗೆ ಕ್ಷಮೆಯಿಲ್ಲ. ಇದಕ್ಕೆ ಒಂದೇ ಹೊರತು ನಾರದ. ಮೂಡಲಗಿ ದಾಟಿದರೆ ಸಿಗುವ ಕುಲಗೋಡದ ತಮ್ಮಣ್ಣನ 'ಶ್ರೀಕೃಷ್ಣ ಪಾರಿಜಾತ'ದಲ್ಲಿ ನಾರದ ಒಂದು ಹೂವಿನಿಂದ ಕೃಷ್ಣನ ಎರಡು ಮನೆಗಳ ನಡುವೆ ಬೆಂಕಿ ಹಚ್ಚುತ್ತಾನೆ, ಇಲ್ಲಿಯದನ್ನು ಅಲ್ಲಿ ಹೇಳುತ್ತಾನೆ, ಅಲ್ಲಿಯದನ್ನು ಇಲ್ಲಿ. ಜನ ನಗುತ್ತಾರೆ. ಆದರೆ ಬೈಲಹೊಂಗಲದ 'ಸಂಗ್ಯಾ ಬಾಳ್ಯಾ' ಸಣ್ಣಾಟಕ್ಕೆ ಬಂದರೆ ಅದೇ ಜನ ಮುಖ ಬಿಗಿಯುತ್ತಾರೆ. ಅಲ್ಲಿ ಸಂಗ್ಯಾನ ಜೀವದ ಗೆಳೆಯ ಬಾಳ್ಯಾ. ಗಂಗಿಯ ಗಂಡ ಈರಣ್ಣ ಕೊಟ್ಟ ಆಸೆಗೆ ಒಲಿದು ಗೆಳೆಯನನ್ನು ಕೊಲೆಗಾರರ ಕೈಗೆ ಒಪ್ಪಿಸುತ್ತಾನೆ. ಸಂಗ್ಯಾ ಮಾಡಿದ್ದು ಸರಿಯಲ್ಲ, ಇನ್ನೊಬ್ಬನ ಹೆಂಡತಿಗೆ ಮನಸೋತಿದ್ದಾನೆ. ಆದರೂ ಬೆಳಗಿನ ಜಾವ ಆಟ ಮುಗಿಸಿ ಏಳುವವರ ಬಾಯಲ್ಲಿ ಬೈಗುಳ ಬಾಳ್ಯಾನಿಗೆ. ಹಾದರಕ್ಕಿಂತ, ಕೊಲೆಗಿಂತ, ನಂಬಿಸಿ ಕೈಕೊಟ್ಟದ್ದು ದೊಡ್ಡ ಪಾಪವೆಂದು ನಮ್ಮ ಕಡೆಯ ಜನ ತೀರ್ಮಾನಿಸಿ ಬಹಳ ಕಾಲವಾಯಿತು.

ಕಿತ್ತೂರಿನ ಸೋಲು ಈ ಬಯಲಿನ ಕೈಗೆ ಬಿದ್ದಾಗ ಅದು ಬಾಳ್ಯಾನ ಕಥೆಯಂತೆಯೇ ಆಕಾರ ತಳೆದದ್ದು ಆಶ್ಚರ್ಯವಲ್ಲ.

ಈಗ ಕಾಗದಪತ್ರಗಳಲ್ಲಿ ಇರುವ ಕಥೆಯನ್ನು ನೋಡೋಣ. ಕಿತ್ತೂರಿನ ದೊರೆ ಮಲ್ಲಸರ್ಜ ಪೇಶ್ವೆಯ ಸೆರೆಯಲ್ಲಿ ನವೆದು 1816ರಲ್ಲಿ ತೀರಿಕೊಂಡ. ಪೇಶ್ವೆಯ ಮೇಲಿನ ಈ ಸಿಟ್ಟಿಗೋ ಮುಂದಿನ ಲೆಕ್ಕಾಚಾರಕ್ಕೋ, ಅವನ ಮಗ ಶಿವಲಿಂಗರುದ್ರಸರ್ಜ 1818ರಲ್ಲಿ ಇಂಗ್ಲಿಷರ ಕಡೆ ನಿಂತ. ಥಾಮಸ್ ಮನ್ರೋ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಕಿತ್ತೂರಿನ ನೆರವು ಅವನಿಗಿತ್ತು. ಪ್ರತಿಯಾಗಿ ಕಂಪನಿ ಸಂಸ್ಥಾನವನ್ನು ಉಳಿಸಿ ಸನದು ಬರೆದುಕೊಟ್ಟಿತು. ಆರು ವರ್ಷ ಕಳೆಯಿತು. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ಸತ್ತ. ಸಾಯುವ ಮೊದಲು ಮಾಸ್ತಮರ್ಡಿಯ ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತು ತೆಗೆದುಕೊಂಡಿದ್ದೇನೆಂದು ಧಾರವಾಡದ ಕಲೆಕ್ಟರನಿಗೆ ಪತ್ರ ಹೋಗಿತ್ತು. ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ, ಮುಂದೆ ಕಾದಂಬರಿಕಾರನಾಗಿ ಹೆಸರಾದ ವಿಲಿಯಂ ಥ್ಯಾಕರೆಯ ಚಿಕ್ಕಪ್ಪ, ಆ ಪತ್ರವನ್ನು ನಂಬಲಿಲ್ಲ. ಸಹಿ ಖರೆಯದೇ? ದೊರೆ ಬದುಕಿದ್ದಾಗ ಮಾಡಿದ್ದೇ? ದಿವಾನಖಾನೆಯ ಮಂದಿ ಸತ್ತ ಮೇಲೆ ಹುಟ್ಟಿಸಿದ್ದೇ?

ಗಮನಿಸಬೇಕಾದ್ದು ಇದು. ಕಿತ್ತೂರಿನ ಪ್ರಕರಣದಲ್ಲಿ ಒಳಸಂಚಿನ ಊಹೆಯ ಆಟವನ್ನು ಮೊದಲು ಆಡಿದವನು ಥ್ಯಾಕರೆ. ಅವನ ಊಹೆಗೆ ಒಂದು ಸಂಸ್ಥಾನದ ಬೆಲೆ ಇತ್ತು. ದತ್ತು ಸುಳ್ಳಾದರೆ ಕಿತ್ತೂರು ಕಂಪನಿಯದು, ಖರೆಯಾದರೆ ಹುಡುಗನದು. ಅವನು ಬಂದು ಖಜಾನೆಗೆ ಮೊಹರು ಹಾಕಿದ. ಜನರ ನಾಲಿಗೆಯ ಮೇಲಿರುವ ಮಲ್ಲಪ್ಪಶೆಟ್ಟಿ, ವೆಂಕಟರಾವ್ ಎಂಬ ಹೆಸರುಗಳು ಅಂಟಿಕೊಂಡಿರುವುದು ಈ ಹೊತ್ತಿಗೆ: ರಾಣಿಯ ಕೈಯಿಂದ ಕಾರಭಾರ ಜಾರಿ ಕಲೆಕ್ಟರನ ಕೈಗೆ ಹೋಗುತ್ತಿದ್ದ ಆ ಕೆಲವು ವಾರಗಳಿಗೆ. ಸಂಸ್ಥಾನದ ನೌಕರ ಆ ವಾರಗಳಲ್ಲಿ ಯಾರ ನೌಕರ? ಬೆಳಿಗ್ಗೆ ರಾಣಿಗೆ ಮುಜುರೆ, ಮಧ್ಯಾಹ್ನ ಸಾಹೇಬನಿಗೆ ಸಲಾಮು. ಉಭಯವೇತನ ಎಂಬುದು ಒಬ್ಬನ ಗುಣಕ್ಕಿಂತ ಆ ಕಾಲದ ಗುಣವಾಗಿತ್ತು.

1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಒಮ್ಮೆಲೆ ತೆರೆಯಿತು, ಕಿತ್ತೂರಿನವರು ನುಗ್ಗಿ ಬಂದರು, ಥ್ಯಾಕರೆ ಸತ್ತ. ಗುಂಡು ಹೊಡೆದವನು ಅಮಟೂರ ಬಾಳಪ್ಪನೆಂದು ನಾಡೆಲ್ಲ ಹಾಡುತ್ತದೆ. ಸ್ಟೀವನ್‌ಸನ್, ಎಲಿಯಟ್ ಎಂಬ ಇಬ್ಬರು ಕಿರಿಯ ಅಧಿಕಾರಿಗಳು ಸೆರೆಸಿಕ್ಕರು. ಈ ಎಲಿಯಟ್ ಆಗ 21 ವರ್ಷದ ಹುಡುಗ. ಮುಂದೆ ಇವನೇ ಸರ್ ವಾಲ್ಟರ್ ಎಲಿಯಟ್ ಆಗಿ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ತೆಗೆಸಿ ನಮ್ಮ ಚಾಲುಕ್ಯರ ಇತಿಹಾಸಕ್ಕೆ ತಳಪಾಯ ಹಾಕಿದ. ಕಿತ್ತೂರ ಕೋಟೆಯಲ್ಲಿ ಒತ್ತೆಯಾಳಾಗಿ ಕಳೆದ ಆ ವಾರಗಳಲ್ಲಿ ಅವನ ಕಿವಿಗೆ ಏನೇನು ಬಿತ್ತೋ! ಡಿಸೆಂಬರ್ ಹೊತ್ತಿಗೆ ದಖನ್ನಿನ ಕಮಿಷನರ್ ಚಾಪ್ಲಿನ್ ಹಲವು ಕಡೆಗಳಿಂದ ಸೈನ್ಯ ತರಿಸಿ ಕೋಟೆಯ ಮುಂದೆ ನಿಲ್ಲಿಸಿದ್ದ. ಸೆರೆಯಾಳುಗಳ ಬಿಡುಗಡೆಯಾಯಿತು. ಆದರೂ ಮುತ್ತಿಗೆ ನಿಲ್ಲಲಿಲ್ಲ. ಈ ಕಾಳಗದಲ್ಲಿ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಸತ್ತ. ಡಿಸೆಂಬರ್ 5ರ ಹೊತ್ತಿಗೆ ಕೋಟೆ ಕಂಪನಿಯದಾಯಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿಯಲ್ಲಿ ತೀರಿಕೊಂಡಳು.

ಸೆರೆಯಾಳುಗಳನ್ನು ಬಿಡಿಸಿಕೊಂಡು ಮುತ್ತಿಗೆ ಮುಂದುವರಿಸಿದ್ದು, ಸನದು ಕೊಟ್ಟು ಆರು ವರ್ಷಕ್ಕೆ ಅದನ್ನು ನುಂಗಿದ್ದು, ಇವುಗಳನ್ನು ನಾವು ದ್ರೋಹ ಎಂದು ಕರೆಯುವುದಿಲ್ಲ. ರಾಜಕಾರಣ ಎನ್ನುತ್ತೇವೆ. ದ್ರೋಹ ಎಂಬ ಮಾತನ್ನು ಮನೆಯವನಿಗೆ ಮೀಸಲಿಟ್ಟಿದ್ದೇವೆ.

ಇನ್ನು ಮದ್ದಿಗೆ ಸಗಣಿ ಕಲೆಸಿದ ಮಾತು. ಇದನ್ನು ನಾನು ಚಿಕ್ಕಂದಿನಿಂದ ನಂಬಿದ್ದೆ. ನಂಬಿಕೆ ಅಲುಗಿದ್ದು ನರಗುಂದದಲ್ಲಿ. 1858ರ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬ ಭಾವೆ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್‌ನನ್ನು ಸುರೇಬಾನದಲ್ಲಿ ಕೊಂದ, ಕೆಲವೇ ದಿನಗಳಲ್ಲಿ ಸಿಕ್ಕಿಬಿದ್ದ, ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಆ ಕೋಟೆ ಯಾಕೆ ಅಷ್ಟು ಬೇಗ ಬಿತ್ತು ಎಂದು ಅಲ್ಲಿಯ ಹಿರಿಯರೊಬ್ಬರನ್ನು ಕೇಳಿದೆ. ಅವರು, ‘ಮದ್ದಿನ್ಯಾಗ ಕಲಬೆರಕಿ ಮಾಡಿದ್ರಲ್ಲರೀ, ಮನ್ಯಾನ ಮಂದೀನ’ ಎಂದರು. ಕಿತ್ತೂರಿನದೇ ಕಥೆ, ಹೆಸರು ಮಾತ್ರ ಬೇರೆ. ಆಮೇಲೆ ಪಂಜಾಬಿನ ಬಗ್ಗೆ ಓದುವಾಗ ಅದೇ ಮಾತು ಮತ್ತೆ ಸಿಕ್ಕಿತು. 1845-46ರ ಯುದ್ಧದಲ್ಲಿ ಸಿಖ್ ಸೈನ್ಯಕ್ಕೆ ಮದ್ದಿನ ಬದಲು ಸಾಸಿವೆ ತುಂಬಿದ ಪೀಪಾಯಿ ಬಂದವೆಂದೂ ಅದನ್ನು ಮಾಡಿದವರು ಅವರದೇ ದರ್ಬಾರಿನ ದೊಡ್ಡವರೆಂದೂ ಅಲ್ಲಿಯ ಜನ ಇಂದಿಗೂ ಹೇಳುತ್ತಾರೆ.

ಒಂದೇ ಸಂಚು ಮೂರು ಕೋಟೆಗಳಲ್ಲಿ ನಡೆದಿರಬಹುದು. ಅಸಾಧ್ಯವೇನಲ್ಲ. ಆದರೆ ಮದ್ದಿನ ಸ್ವಭಾವವನ್ನು ಬಲ್ಲವರಿಗೆ ಇನ್ನೊಂದು ದಾರಿ ಕಾಣುತ್ತದೆ. ಮದ್ದೆಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಪೆಟ್ಲುಪ್ಪನ್ನು ಸರಿಯಾಗಿ ಶುದ್ಧಿ ಮಾಡದಿದ್ದರೆ ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಕಿತ್ತೂರು ಮಲೆನಾಡಿನ ಸೆರಗಿಗೆ ಇರುವ ಊರು. ಒಂದು ಮಳೆಗಾಲ ಉಗ್ರಾಣದಲ್ಲಿ ಕಳೆದ ಮದ್ದು ಉಂಡೆಗಟ್ಟಿ, ಹೊತ್ತಿಕೊಳ್ಳದೆ ಹೊಗೆ ಕಾರುವುದಕ್ಕೆ ಯಾರ ಸಗಣಿಯೂ ಬೇಕಿಲ್ಲ. ಆದರೆ ತೋಪಿನ ಹಿಂದೆ ನಿಂತವನಿಗೆ ಆ ಗಳಿಗೆಯಲ್ಲಿ ಹೊಳೆಯುವುದು ಗಾಳಿಯ ತೇವವಲ್ಲ, ಉಗ್ರಾಣದವನ ಮುಖ. ತಾನು ಹೇಡಿಯಲ್ಲ, ತೋಪು ಹಳೆಯದಲ್ಲ, ರಾಣಿ ಸೋಲುವವಳಲ್ಲ. ಹಾಗಿದ್ದರೆ ಉಳಿದವನು ಯಾರು?

ಚಾಣಕ್ಯನ ಮೂವರ ಲೆಕ್ಕವನ್ನು ಇಲ್ಲಿ ಹಚ್ಚಿ ನೋಡಿ. ಕಿತ್ತೂರಿನ ದ್ರೋಹದ ಕಥೆಗೆ ಸಾಕ್ಷಿ ಯಾರು ಎಂದರೆ ನಮಗೆ ಮೂವರು ಸಿಗುತ್ತಾರೆ. ಲಾವಣಿ ಹೇಳುತ್ತದೆ, ನಾಟಕ ಹೇಳುತ್ತದೆ, ಸಿನಿಮಾ ಹೇಳುತ್ತದೆ. 1961ರಲ್ಲಿ ಬಿ.ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' ಬಂದ ಮೇಲೆ ಬೆಂಗಳೂರು, ಮೈಸೂರಿನವರಿಗೂ ಕಿತ್ತೂರು ಮನೆಮಾತಾಯಿತು, ಬಿ. ಸರೋಜಾದೇವಿಯವರ ಮುಖವೇ ಚೆನ್ನಮ್ಮನ ಮುಖವಾಯಿತು. ಮೂವರೂ ಒಂದೇ ಸುದ್ದಿ ತಂದಿದ್ದಾರೆ, ಸರಿ. ಆದರೆ ಬೇಹುಗಾರರಿಗೆ ಒಬ್ಬರ ಗುರುತು ಒಬ್ಬರಿಗೆ ಇರಕೂಡದು ಎಂಬ ಷರತ್ತು ಇತ್ತಲ್ಲ! ನಾಟಕ ಕಟ್ಟುವವರು ಲಾವಣಿ ಕೇಳುತ್ತ ಬೆಳೆದವರು, ಸಿನಿಮಾ ತೆಗೆಯುವವರು ನಾಟಕ ನೋಡುತ್ತ ಬೆಳೆದವರು. ಮೂವರು ಒಂದೇ ಮನೆಯಿಂದ ಹೊರಟು ಬಂದವರು.

ಹಾಗೆಂದು ದ್ರೋಹವೇ ನಡೆಯಲಿಲ್ಲ ಎಂದು ನಾನು ವಾದಿಸುವುದಿಲ್ಲ. ರಾಯಣ್ಣನ ಪ್ರಕರಣದಲ್ಲಿ ನಡೆದದ್ದು ಬಹುಮಟ್ಟಿಗೆ ಖರೆ. ಆದರೆ ಅಲ್ಲಿ ಗಂಟು ಇನ್ನೂ ಬಿಗಿಯಾಗಿದೆ.

ಸಂಗೊಳ್ಳಿ ರಾಯಣ್ಣ ಶೇತಸನದಿ. ಊರಿನ ಕಾವಲು ಕಾಯುವುದು, ಕಳ್ಳರ ಸುಳಿವು ಹಿಡಿಯುವುದು, ಪರಸ್ಥಳದವರು ಬಂದರೆ ಗೌಡ ಕುಲಕರ್ಣಿಯರಿಗೆ ಬಾತ್ಮಿ ಮುಟ್ಟಿಸುವುದು ಇಂಥವರ ಕೆಲಸ. ಅದಕ್ಕೆ ಪ್ರತಿಯಾಗಿ ಹೊಲ. ಸರ್ಕಾರ ಯಾವುದೇ ಇರಲಿ, ಅದರ ಕಣ್ಣು ಹಳ್ಳಿಯಲ್ಲಿ ಇವರೇ. ಕಂಪನಿ ಬಂದ ಮೇಲೆ ಆ ಹೊಲದ ಮೇಲೆ ಕಣ್ಣು ಬಿತ್ತು, ಕೆಲವು ಕಿತ್ತುಕೊಂಡರು, ಉಳಿದವಕ್ಕೆ ಕಂದಾಯ ಏರಿಸಿದರು. ರಾಯಣ್ಣನ ಬಂಡಾಯದ ಬೇರು ಅಲ್ಲಿದೆ. ಅವನ ಜೊತೆ ಹೊರಟವರಲ್ಲಿ ಇಂಥ ಸನದಿಗಳು ಬಹಳ. ಅವರು ಬೀಡಿ, ನಂದಗಡದ ಕಡೆ ಕಚೇರಿಗಳಿಗೆ ಬೆಂಕಿ ಇಟ್ಟರು, ಸಾಲಪತ್ರ, ಕಂದಾಯದ ದಪ್ತರ ಸುಟ್ಟರು, ದತ್ತುಮಗ ಶಿವಲಿಂಗಪ್ಪನೇ ದೊರೆ ಎಂದು ಸಾರಿದರು. ಅಂದರೆ ಸರ್ಕಾರದ ಕಣ್ಣು ಸರ್ಕಾರದ ವಿರುದ್ಧ ತಿರುಗಿತ್ತು. ಕಂಪನಿಯ ಲೆಕ್ಕದಲ್ಲಿ ಉಂಡ ಮನೆಯ ಜಂತಿ ಎಣಿಸಿದವನು ರಾಯಣ್ಣನೇ. 'ಫಿತೂರಿ' ಎಂಬ ಮಾತಿನ ಚಮತ್ಕಾರ ನೋಡಿ. ಕಂಪನಿಯ ದಪ್ತರಗಳಲ್ಲಿ ಅದು ಬಂಡಾಯಕ್ಕೆ ಇಟ್ಟ ಹೆಸರು, ಆಂಧ್ರದ ರಂಪಾ ದಂಗೆಯನ್ನು ಇಂದಿಗೂ ಫಿತೂರಿ ಎಂದೇ ಕರೆಯುತ್ತಾರೆ. ನಮ್ಮ ಹಳ್ಳಿಯವರ ಬಾಯಲ್ಲಿ ಬಂಡಾಯಗಾರನನ್ನು ಹಿಡಿದುಕೊಟ್ಟವನು ಫಿತೂರ. ಒಂದೇ ಮಾತು, ಎರಡು ಕಡೆಯವರೂ ಒಬ್ಬರ ಮೇಲೊಬ್ಬರು ಎಸೆದದ್ದು.

ರಾಯಣ್ಣನನ್ನು ಎದುರಾಳಿಯಾಗಿ ಹಿಡಿಯಲಾಗದ ಕಂಪನಿ ಹಳ್ಳಿಯ ಅದೇ ವ್ಯವಸ್ಥೆಯನ್ನು ಹಿಡಿದು ಅವನ ಬಳಿ ಹೋಯಿತು. ಗೌಡರು, ಅವರ ಆಳುಗಳು, ಅವನ ದಂಡಿಗೆ ಸೇರುವಂತೆ ಮಾಡಿ ಹೋದವರು. 1830ರ ಏಪ್ರಿಲ್‌ನಲ್ಲಿ ಅವನು ಹಳ್ಳದಲ್ಲಿ ಸ್ನಾನಕ್ಕೆ ಇಳಿದಾಗ, ಆಯುಧ ದಂಡೆಯ ಮೇಲಿದ್ದಾಗ, ನಂಬಿದವರೇ ಹಿಡಿದರೆಂದು ಲಾವಣಿ ಹೇಳುತ್ತದೆ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲು. ಹಿಡಿದುಕೊಟ್ಟ ಗೌಡರ ಹೆಸರು, ಊರಿನ ಹೆಸರು ಲಾವಣಿಗಳಲ್ಲಿವೆ, ಪುಸ್ತಕಗಳಲ್ಲೂ ಇವೆ. ನಾನು ಇಲ್ಲಿ ಬರೆಯುವುದಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಈ ಹಾಡುಗಳನ್ನು ಮೊದಲು ಅಚ್ಚಿಗೆ ತಂದವನು ಒಬ್ಬ ಇಂಗ್ಲಿಷ್ ಅಧಿಕಾರಿ ಎಂಬುದೂ ಈ ಕಥೆಯ ಒಂದು ವಿಚಿತ್ರ. ಶಾಸನಗಳ ಪಂಡಿತ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ನಮ್ಮ ಕಡೆಯ ಲಾವಣಿಗಳನ್ನು ಇಂಗ್ಲಿಷ್ ಅನುವಾದದ ಜೊತೆ ಪ್ರಕಟಿಸಿದ. ರಾಯಣ್ಣ, ಹಲಗಲಿಯ ಬೇಡರು, ಸಂಗ್ಯಾ, ಎಲ್ಲರೂ ಅಲ್ಲಿದ್ದಾರೆ. ತನ್ನ ಸರ್ಕಾರ ಗಲ್ಲಿಗೆ ಹಾಕಿದವನನ್ನು ಹೊಗಳುವ ಹಾಡನ್ನು ಅದೇ ಸರ್ಕಾರದ ನೌಕರನೊಬ್ಬ ಶ್ರದ್ಧೆಯಿಂದ ಬರೆದುಕೊಳ್ಳುತ್ತಿರುವ ಚಿತ್ರ ನನ್ನ ಕಣ್ಣ ಮುಂದೆ ಆಗಾಗ ಬರುತ್ತದೆ. ಹಾಡುತ್ತಿದ್ದವನು ಇವನನ್ನು ಏನೆಂದು ತಿಳಿದಿದ್ದಾನು? ಬಾತ್ಮಿದಾರನೆಂದೇ?

ನಮ್ಮ ಮಗ್ಗುಲಿಗೇ ಇರುವ ನಿಪ್ಪಾಣಿಯನ್ನು ನೋಡಿದರೆ ಈ ಇಡೀ ಲೆಕ್ಕ ಇನ್ನಷ್ಟು ಸಡಿಲವಾಗುತ್ತದೆ. ಅಲ್ಲಿಯ ಸಿದ್ದೋಜಿರಾವ್ ನಿಂಬಾಳ್ಕರ್, ಜನರ ಬಾಯಲ್ಲಿ ಅಪ್ಪಾ ದೇಸಾಯಿ, ಪೇಶ್ವೆಯ ದೊಡ್ಡ ಸರದಾರ. 1818ರ ಯುದ್ಧದಲ್ಲಿ ಪೇಶ್ವೆಯ ಪಾಳೆಯದಲ್ಲಿದ್ದ, ಆದರೆ ಮನಸ್ಸಿಟ್ಟು ಕಾದಲಿಲ್ಲ. ಎರಡು ದೋಣಿಯಲ್ಲಿ ಎರಡು ಕಾಲಿಟ್ಟು ಹೊಳೆ ದಾಟಿದ. ಕಂಪನಿ ಅವನ ಜಹಗೀರನ್ನು ಬಹುಪಾಲು ಉಳಿಸಿತು. 1839ರಲ್ಲಿ ಅವನು ಸತ್ತ, ಗಂಡುಮಕ್ಕಳಿಲ್ಲವೆಂದು ಕಂಪನಿ ನಿಪ್ಪಾಣಿಯನ್ನೂ ತೆಗೆದುಕೊಂಡಿತು. ಕಿತ್ತೂರಿಗೆ ಆದದ್ದೇ ಇಲ್ಲಿಯೂ. ಹೊಂದಿಕೊಂಡವನಿಗೂ ಹೊಡೆದಾಡಿದವಳಿಗೂ ಕೊನೆ ಒಂದೇ. ಅಪ್ಪಾ ದೇಸಾಯಿಯ ಮೇಲೆ ಯಾರೂ ನಾಟಕ ಆಡಲಿಲ್ಲ, ಅವನ ಹೆಸರನ್ನು ಯಾರೂ ಬೈಗುಳ ಮಾಡಲಿಲ್ಲ. ಎರಡೂ ಕಡೆ ಇದ್ದ ದೊಡ್ಡವನು ಚತುರನಾಗುತ್ತಾನೆ, ಉಗ್ರಾಣದ ಕೀಲಿಕೈ ಇಟ್ಟುಕೊಂಡಿದ್ದವನು ಮಾತ್ರ ಎರಡು ನೂರು ವರ್ಷ ಉಗುಳಿಸಿಕೊಳ್ಳುತ್ತಾನೆ.

ಇಂಥ ಊಹೆಯಿಂದ ಆಗುವ ಕೇಡು ಎಷ್ಟು ದೂರ ಹರಿಯುತ್ತದೆ ಎನ್ನುವುದಕ್ಕೆ ಇನ್ನೂ ಹಿಂದಿನ, ಇನ್ನೂ ದೊಡ್ಡ ಉದಾಹರಣೆ 1565ರ ರಕ್ಕಸತಂಗಡಿ. ವಿಜಯನಗರ ಯಾಕೆ ಸೋತಿತು? ಎರಡು ವರ್ಷದ ನಂತರ ಹಂಪೆಗೆ ಬಂದ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್, ರಾಮರಾಯನ ಕಡೆಯ ಇಬ್ಬರು ಮುಸಲ್ಮಾನ ಸರದಾರರು ಯುದ್ಧದ ನಡುವೆ ತಿರುಗಿಬಿದ್ದರೆಂದು ಬರೆದ. ಗೆದ್ದವರ ಕಡೆಯ ಚರಿತ್ರೆಕಾರ ಫೆರಿಷ್ತಾ ಹೇಳುವುದು ಬೇರೆ: ತಾಮ್ರದ ನಾಣ್ಯ ತುಂಬಿ ಹಾರಿಸಿದ ಫಿರಂಗಿಗಳು, ಬೆದರಿದ ಆನೆ, ಪಲ್ಲಕ್ಕಿ ಬಿಟ್ಟು ಓಡಿದ ಬೋಯಿಗಳು, ಮುದುಕ ರಾಮರಾಯನ ಸೆರೆ. ಫೆರಿಷ್ತಾನ ಕಥೆಯಲ್ಲಿ ಯುದ್ಧದ ಕೆಲಸ ಕಾಣುತ್ತದೆ, ಫ್ರೆಡರಿಕ್‌ನದರಲ್ಲಿ ಸೋತ ಊರಿನ ಮಾತು ಕೇಳುತ್ತದೆ. ನಮ್ಮ ಶಾಲೆಯ ಮಾಸ್ತರು ಹೇಳಿಕೊಟ್ಟದ್ದು ಫ್ರೆಡರಿಕ್‌ನದನ್ನು. ತರಗತಿಯಲ್ಲಿ ನಮ್ಮ ಜೊತೆ ಕೂತಿದ್ದ ಇಬ್ಬರು ಮುಸಲ್ಮಾನ ಹುಡುಗರು ಆ ಹೊತ್ತಿಗೆ ತಲೆ ಬಗ್ಗಿಸಿ ಪಾಟಿ ನೋಡುತ್ತಿದ್ದದ್ದು ನನಗೆ ನೆನಪಿದೆ. ನಾವು ಉಳಿದವರು ತಿರುಗಿ ಅವರನ್ನು ನೋಡಿದ್ದೂ.

ಕಾಕಾನ ಪ್ರಶ್ನೆಗೆ ಹುಡುಗರು ಉತ್ತರ ಹುಡುಕಿಯೇ ಬಿಟ್ಟರು. ಮೂರನೆಯ ಸೀಸನ್ನಿನಲ್ಲಿ ಫಲ್ಕ್ರಮ್ ಯಾರೆಂದು ಗೊತ್ತಾಗುತ್ತದೆ. ಮೊದಲಿನಿಂದ ಬಂಡುಕೋರರನ್ನು ಬೇಟೆಯಾಡುತ್ತಿದ್ದ ಸಾಮ್ರಾಜ್ಯದ ಅಧಿಕಾರಿ ಕ್ಯಾಲಸ್. ಸಾಮ್ರಾಜ್ಯದ ಅನ್ನ ಉಂಡು ಅದರ ಸುದ್ದಿಯನ್ನು ಬಂಡುಕೋರರಿಗೆ ಕಳಿಸುತ್ತಿದ್ದವನು.

‘ಹಂಗಾರ ಅಂವಾ ಮಲ್ಲಪ್ಪಶೆಟ್ಟೀನ ಆದನಲ್ಲ’ ಎಂದರು ಕಾಕಾ.

‘ಇಲ್ಲ ಅಜ್ಜಾ, ಅಂವಾ ಒಳ್ಳೇಯಂವಾ ಆಗ್ಯಾನ’ ಎಂದ ಹುಡುಗ.

‘ಒಳ್ಳೇಯಂವಾ ಹೆಂಗಾದ? ಉಂಡ ಮನೀಗೆ ಎರಡ ಬಗದಾನ.’

‘ಆ ಮನೀನ ಕೆಟ್ಟದ್ದಿತ್ತಲ್ಲ.’

ಕಾಕಾ ಎಲೆ ಅಡಿಕೆ ಅಗಿಯುತ್ತ ಸುಮ್ಮನಾದರು. ಹುಡುಗ ಹೇಳಿದ್ದು ಅವರಿಗೆ ಹಿಡಿಸಿರಲಿಲ್ಲ, ಆದರೆ ತಪ್ಪೆಂದೂ ಹೇಳಲಾಗಲಿಲ್ಲ.

ಹೆಸರು ಬರೆಯದೆ ಬಿಟ್ಟದ್ದಕ್ಕೆ ಕಾರಣ ಹೇಳುತ್ತೇನೆಂದಿದ್ದೆ. ಧಾರವಾಡದಲ್ಲಿ ಓದುವಾಗ ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳೆಯನೊಬ್ಬ ಲಾವಣಿ ಹಾಡುತ್ತಿದ್ದ. ಅಂಥ ಕಂಠವನ್ನು ನಾನು ಮತ್ತೆ ಕೇಳಿಲ್ಲ. ರಾತ್ರಿ ಊಟ ಮುಗಿದ ಮೇಲೆ ತಾಟು ಬಾರಿಸಿಕೊಂಡು ರಾಯಣ್ಣನ ಪದ ಸುರು ಮಾಡಿದರೆ ಮೇಲಿನ ಮಾಳಿಗೆಯವರೂ ಇಳಿದು ಬರುತ್ತಿದ್ದರು. ರಾಯಣ್ಣನ ತಾಯಿಯನ್ನು ಅಪಮಾನ ಮಾಡಿದ್ದು, ದಪ್ತರ ಸುಟ್ಟದ್ದು, ಕಾಡಿನ ಹೊಡೆದಾಟ, ಎಲ್ಲವನ್ನೂ ಮೈಮರೆತು ಹಾಡುತ್ತಿದ್ದ. ಹಳ್ಳದ ದಂಡೆಗೆ ಬಂದ ಕೂಡಲೇ ನಿಲ್ಲಿಸುತ್ತಿದ್ದ. ಮುಂದಿನದು ಬರುವುದಿಲ್ಲ ಎನ್ನುತ್ತಿದ್ದ. ಎರಡು ವರ್ಷ ನಾವು ಅದನ್ನು ನಂಬಿದ್ದೆವು. ಕಡೆಯ ವರ್ಷ ಒಮ್ಮೆ ಅವನ ಊರಿಗೆ ಹೋದಾಗ ಬಸ್ಸಿನಿಂದ ಇಳಿದು ಊರ ಹೆಸರಿನ ಕಲ್ಲು ನೋಡಿದ ಮೇಲೆ ನನಗೆ ತಿಳಿಯಿತು. ಅವನು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರ ಅವ್ವ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು.

ಆ ರಾತ್ರಿ ಊರಲ್ಲಿ ಭಜನೆ ಇತ್ತು. ಮುಗಿದ ಮೇಲೆ ಯಾರೋ ರಾಯಣ್ಣನ ಪದ ಹೇಳೆಂದು ಅವನಿಗೆ ದುಂಬಾಲು ಬಿದ್ದರು. ಅವನು ಹಾಡಿದ. ಹಳ್ಳದ ದಂಡೆಗೆ ಬಂದು, ನಿಲ್ಲಿಸಿ, ಚರಿಗೆ ಎತ್ತಿ ನೀರು ಕುಡಿದ. ಕಟ್ಟೆಯ ಕೊನೆಗೆ ಕೂತಿದ್ದ ಮುದುಕರೊಬ್ಬರು ಕೆಮ್ಮಿ ಗಂಟಲು ಸರಿಮಾಡಿಕೊಂಡು ಅಲ್ಲಿಂದ ಮುಂದೆ ತಾವು ಎತ್ತಿಕೊಂಡರು. ಗೌಡರ ಹೆಸರು ಬರುವ ಕಡೆ ದನಿ ಇಳಿಸಲಿಲ್ಲ.